ಮಾನವ ಕಳ್ಳಸಾಗಣೆ: ಹೊರಗೆ ಕೇಳುವುದನ್ನು ಒಳಗೂ ಕೊಡಬೇಕು

2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ಥಾಯ್ಲೆಂಡಿನ ಗಡಿ ಪಟ್ಟಣವಾದ ಮೇ ಸೊಟ್‌ನಿಂದ 549 ಮಂದಿ ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಎರಡೇ ದಿನಗಳಲ್ಲಿ ಕರೆತಂದಿತು. ಡಿಜಿಟಲ್ ಮಾರ್ಕೆಟಿಂಗ್, ಡೇಟಾ ಎಂಟ್ರಿ ಎಂಬಂಥ ಕೆಲಸದ ಆಸೆ ತೋರಿಸಿ ಬ್ಯಾಂಕಾಕ್‌ಗೆ ಕರೆಸಿಕೊಂಡು, ಅಲ್ಲಿಂದ ಮೋಯಿ ನದಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಾಡಿ ಸುತ್ತಲಿನ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಏಜೆಂಟರು ಕೂಡಿಹಾಕಿದ್ದ ತರುಣರು ಅವರಲ್ಲಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ನೂರಾರು ಮಂದಿ ಅದೇ ದಾರಿಯಲ್ಲಿ ಮರಳಿದರು. ರಾಜತಾಂತ್ರಿಕ ಪ್ರಯತ್ನವೆಂದರೆ ನಮ್ಮ ಕಣ್ಣಿಗೆ ಬೀಳುವುದು ಇಂಥ ವಿಮಾನ ಇಳಿಯುವ ಹೊತ್ತು ಮಾತ್ರ. ಅದರ ಹಿಂದಿನ ಮತ್ತು ಮುಂದಿನ ಕೆಲಸವೆಲ್ಲ ಕಡತಗಳಲ್ಲಿ ನಡೆಯುತ್ತದೆ. ಸಂತ್ರಸ್ತರ ಪರವಾಗಿ ವಕಾಲತ್ತು ವಹಿಸುವ ನಮ್ಮಂಥವರಿಗೆ ನಿತ್ಯ ಎದುರಾಗುವುದು ಆ ಕಡತಗಳೇ.

ಈ ವಿಷಯದಲ್ಲಿ ದೇಶಗಳು ಪರಸ್ಪರ ಮಾತನಾಡುವುದಕ್ಕೆ ಆಧಾರವಾಗಿರುವುದು ವಿಶ್ವಸಂಸ್ಥೆಯು 2000ದಲ್ಲಿ ಅಂಗೀಕರಿಸಿದ ಪಲೆರ್ಮೊ ಪ್ರೋಟೋಕಾಲ್ ಎಂಬ ಮಾನವ ಕಳ್ಳಸಾಗಣೆ ತಡೆಯ ಅಂತರರಾಷ್ಟ್ರೀಯ ಒಪ್ಪಂದ. ಭಾರತವು ಅದಕ್ಕೆ 2002ರಲ್ಲಿ ಸಹಿ ಹಾಕಿ, 2011ರ ಮೇ ತಿಂಗಳಲ್ಲಿ ಅನುಮೋದಿಸಿತು. ವ್ಯಕ್ತಿಯನ್ನು ಸಾಗಿಸುವ ಅಥವಾ ನೇಮಿಸಿಕೊಳ್ಳುವ ಕೃತ್ಯ, ಅದಕ್ಕೆ ಬಳಸಿದ ಬಲಾತ್ಕಾರ ಅಥವಾ ಮೋಸ, ಕೊನೆಗೆ ಶೋಷಣೆಯ ಉದ್ದೇಶ – ಈ ಮೂರೂ ಕೂಡಿದಾಗ ಅದು ಕಳ್ಳಸಾಗಣೆ ಎನಿಸುತ್ತದೆ. ಹದಿನೆಂಟು ವರ್ಷದೊಳಗಿನವರ ವಿಷಯದಲ್ಲಿ ಬಲಾತ್ಕಾರವನ್ನಾಗಲಿ ಮೋಸವನ್ನಾಗಲಿ ತೋರಿಸಬೇಕಾಗಿಯೂ ಇಲ್ಲ. ಮೋಸದಿಂದ ಪಡೆದ ಒಪ್ಪಿಗೆಗೆ ಬೆಲೆಯಿಲ್ಲ ಎಂಬುದು ಈ ವ್ಯಾಖ್ಯಾನದ ಜೀವಾಳ. ‘ಅವನೇ ಟಿಕೆಟ್ ಕೊಂಡು ಹೋದವನಲ್ಲವೇ’ ಎಂದು ಕೇಳುವವರಿಗೆ ಉತ್ತರ ಅಲ್ಲಿಯೇ ಇದೆ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮೂ ಸಂತ್ರಸ್ತರ ಒಪ್ಪಿಗೆ ಗಣನೆಗೆ ಬಾರದು ಎಂದೇ ಹೇಳುತ್ತದೆ.

ಇದರ ಬೆನ್ನಿಗೆ ದ್ವಿಪಕ್ಷೀಯ ಒಪ್ಪಂದಗಳಿವೆ. ಬಾಂಗ್ಲಾದೇಶದೊಂದಿಗೆ 2015ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್‌ನೊಂದಿಗೆ 2017ರಲ್ಲಿ, ಕಾಂಬೋಡಿಯಾದೊಂದಿಗೆ 2018ರಲ್ಲಿ, ಮ್ಯಾನ್ಮಾರಿನೊಂದಿಗೆ 2020ರಲ್ಲಿ ಭಾರತವು ಮಾನವ ಕಳ್ಳಸಾಗಣೆ ತಡೆಯ ತಿಳಿವಳಿಕೆ ಪತ್ರಗಳಿಗೆ ಸಹಿ ಹಾಕಿದೆ. ಸಾರ್ಕ್ ದೇಶಗಳು ವೇಶ್ಯಾವಾಟಿಕೆಗಾಗಿ ನಡೆಯುವ ಮಹಿಳೆಯರ ಮತ್ತು ಮಕ್ಕಳ ಸಾಗಣೆಯ ವಿರುದ್ಧ 2002ರಲ್ಲಿ ಕಾಠ್ಮಂಡುವಿನಲ್ಲಿ ಮಾಡಿಕೊಂಡ ಒಡಂಬಡಿಕೆಯೂ ಇದೆ. ಕಾಗದದ ಮೇಲೆ ಕೊರತೆ ಬಹಳವೇನಿಲ್ಲ. ಆದರೆ ಮ್ಯಾನ್ಮಾರಿನ ಉದಾಹರಣೆಯನ್ನೇ ನೋಡಿ. ಒಪ್ಪಂದಕ್ಕೆ ಸಹಿಬಿದ್ದು ವರ್ಷ ತುಂಬುವ ಮೊದಲೇ, 2021ರ ಫೆಬ್ರುವರಿಯಲ್ಲಿ, ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ವಂಚನೆಯ ಕೇಂದ್ರಗಳು ಬೆಳೆದ ಗಡಿಪ್ರದೇಶದಲ್ಲಿ ಹಿಡಿತವಿರುವುದು ಸಶಸ್ತ್ರ ಗುಂಪುಗಳಿಗೆ. ಸಹಿ ಹಾಕಿದ ಸರ್ಕಾರಕ್ಕೆ ಪತ್ರ ಬರೆದರೆ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ನದಿಯ ಈಚೆ ದಡದ ಥಾಯ್ಲೆಂಡಿನೊಂದಿಗೆ ವ್ಯವಹರಿಸುವುದು ಅನಿವಾರ್ಯವಾಯಿತು. 2025ರ ಜನವರಿಯಲ್ಲಿ ಚೀನಾದ ನಟನೊಬ್ಬ ಇದೇ ಜಾಲಕ್ಕೆ ಸಿಕ್ಕಿಬಿದ್ದ ಮೇಲೆ ಚೀನಾ ಒತ್ತಡ ಹೇರಿತು, ಫೆಬ್ರುವರಿಯಲ್ಲಿ ಥಾಯ್ಲೆಂಡ್ ಗಡಿಯಾಚೆಗೆ ಕೊಡುತ್ತಿದ್ದ ವಿದ್ಯುತ್ತನ್ನು ಕಡಿತಗೊಳಿಸಿತು, ಆಮೇಲೆಯೇ ಸಾವಿರಾರು ಜನ ಹೊರಬರುವಂತಾಯಿತು. ನಮ್ಮವರ ಬಿಡುಗಡೆಯೂ ಆ ಅಲೆಯ ಭಾಗವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ರಾಷ್ಟ್ರದ ಅತ್ಯುನ್ನತ ಮಟ್ಟದಲ್ಲಿ ಮಾತೆತ್ತಿದರೆ ಕೆಲಸವಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ. ಸಹಾಯಕನ ಕೆಲಸವೆಂದು ನಂಬಿಸಿ ರಷ್ಯಾದ ಸೇನೆಗೆ ಸೇರಿಸಿದ್ದ ಭಾರತೀಯರ ವಿಷಯವನ್ನು 2024ರ ಜುಲೈನಲ್ಲಿ ಪ್ರಧಾನಿಯವರು ಮಾಸ್ಕೋದಲ್ಲಿ ಪ್ರಸ್ತಾಪಿಸಿದ ನಂತರ ಬಿಡುಗಡೆಗೆ ವೇಗ ಬಂತು. ಕಲಬುರಗಿ ಜಿಲ್ಲೆಯ ಯುವಕರು ಆ ಸೆಪ್ಟೆಂಬರ್‌ನಲ್ಲಿ ಮನೆ ಸೇರಿದರು.

ಆದರೆ ಎಲ್ಲ ಪ್ರಕರಣಗಳೂ ಪ್ರಧಾನಿಯ ಮಟ್ಟಕ್ಕೆ ಏರುವುದಿಲ್ಲ. ಬಹುಪಾಲು ಪ್ರಕರಣಗಳು ರಾಯಭಾರ ಕಚೇರಿಯ ಕಾನ್ಸುಲರ್ ವಿಭಾಗದಲ್ಲಿ ಒಂದು ಪ್ರಶ್ನೆಯ ಸುತ್ತ ತಿರುಗುತ್ತವೆ: ಈ ವ್ಯಕ್ತಿ ಆ ದೇಶದ ವಲಸೆ ಕಾನೂನನ್ನು ಮುರಿದ ಅಪರಾಧಿಯೋ, ಕಳ್ಳಸಾಗಣೆಗೆ ಒಳಗಾದ ಸಂತ್ರಸ್ತನೋ? ಪಾಸ್‌ಪೋರ್ಟ್ ಕಸಿದುಕೊಂಡವರ ಕೈಯಿಂದ ತಪ್ಪಿಸಿಕೊಂಡು ನದಿ ದಾಟಿ ಬಂದವನು, ಆ ಗಳಿಗೆಯಲ್ಲಿ, ದಾಖಲೆಯಿಲ್ಲದೆ ಗಡಿ ನುಗ್ಗಿದವನೂ ಹೌದು. ರಾಯಭಾರ ಕಚೇರಿಯು ಎಮರ್ಜೆನ್ಸಿ ಸರ್ಟಿಫಿಕೇಟ್ (ಪಾಸ್‌ಪೋರ್ಟ್ ಇಲ್ಲದವರು ಸ್ವದೇಶಕ್ಕೆ ಮರಳಲು ಕೊಡುವ ಪ್ರಯಾಣಪತ್ರ) ಕೊಟ್ಟು ಕಳಿಸಬಹುದು. ಆದರೆ ಆತಿಥೇಯ ದೇಶವು ಅವನನ್ನು ಅಪರಾಧಿಯ ಪಟ್ಟಿಗೆ ಸೇರಿಸಿದ್ದರೆ ಮೊದಲು ದಂಡ, ಬಂಧನ ಮುಗಿಯಬೇಕು, ಆ ದೇಶಕ್ಕೆ ಮತ್ತೆ ಕಾಲಿಡದಂತೆ ನಿರ್ಬಂಧವೂ ಬೀಳಬಹುದು. ಸಂತ್ರಸ್ತನೆಂದು ಗುರುತಿಸಿದರೆ ಆಶ್ರಯ, ದುಭಾಷಿ, ಹೇಳಿಕೆ ನೀಡುವ ಅವಕಾಶ ದೊರೆಯುತ್ತದೆ. ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ದೇಶಗಳು 2015ರಲ್ಲಿ ಒಪ್ಪಿಕೊಂಡ ಕಳ್ಳಸಾಗಣೆ ವಿರೋಧಿ ಒಡಂಬಡಿಕೆಯಲ್ಲಿ, ಸಾಗಣೆಯ ಪರಿಣಾಮವಾಗಿಯೇ ಘಟಿಸಿದ ಕಾನೂನುಬಾಹಿರ ಕೃತ್ಯಗಳಿಗೆ ಸಂತ್ರಸ್ತರನ್ನು ಹೊಣೆ ಮಾಡದಿರುವುದನ್ನು ಸೂಕ್ತ ಪ್ರಕರಣಗಳಲ್ಲಿ ಪರಿಗಣಿಸಬೇಕು ಎಂಬ ಮಾತಿದೆ. ಭಾರತ ಅದರ ಸದಸ್ಯ ರಾಷ್ಟ್ರವಲ್ಲದಿದ್ದರೂ ಥಾಯ್ಲೆಂಡ್, ಕಾಂಬೋಡಿಯಾ, ಮ್ಯಾನ್ಮಾರ್‌ಗಳು ಅದಕ್ಕೆ ಬದ್ಧವಾದ ದೇಶಗಳು. ಆ ಮಾತನ್ನು ನಮ್ಮ ರಾಜತಾಂತ್ರಿಕರು ಪ್ರತಿ ಪ್ರಕರಣದಲ್ಲೂ ಮುಂದಿಡಬೇಕು.

ಹಾಗೆ ಮುಂದಿಡುವಾಗ ಎದುರಿನವರು ನಮ್ಮ ನಡತೆಯನ್ನೂ ನೋಡುತ್ತಾರೆ. ಭಾರತವು ಜನ ಸಾಗಿಹೋಗುವ ದೇಶ ಮಾತ್ರವಲ್ಲ, ಬಾಂಗ್ಲಾದೇಶ ಮತ್ತು ನೇಪಾಳದಿಂದ ಹೆಣ್ಣುಮಕ್ಕಳನ್ನು ಸಾಗಿಸಿ ತರುವ ದೇಶವೂ ಹೌದು. ನಗರದ ಬಾಡಿಗೆ ಮನೆಯೊಂದರ ಮೇಲೆ ದಾಳಿಯಾಗಿ ಪೊಲೀಸರ ವಶಕ್ಕೆ ಬರುವ ಬಾಂಗ್ಲಾದ ಹುಡುಗಿಯ ಕಡತ ಹೇಗಿರುತ್ತದೆ ಎಂದು ಇಲ್ಲಿ ಹೇಳಬೇಕು. ಅವಳ ಬಳಿ ದಲ್ಲಾಳಿ ಮಾಡಿಸಿಕೊಟ್ಟ ನಕಲಿ ಗುರುತಿನ ಚೀಟಿ ಇರುತ್ತದೆ. ಯಾರಾದರೂ ಕೇಳಿದರೆ ಹೇಳು ಎಂದು ಬಾಯಿಪಾಠ ಮಾಡಿಸಿದ ಕೋಲ್ಕತ್ತದ ಒಂದು ವಿಳಾಸವಿರುತ್ತದೆ. ಮೊದಲ ದಿನದ ಹೇಳಿಕೆಯಲ್ಲಿ ಅವಳು ಹೆದರಿ ಅದನ್ನೇ ಹೇಳುತ್ತಾಳೆ. ವಾರಗಳ ನಂತರ ಆಪ್ತಸಮಾಲೋಚಕಿಯ ಮುಂದೆ ನಿಜವಾದ ಊರು ಹೇಳಿದಾಗ, ಮೊದಲ ಹೇಳಿಕೆ ಅವಳನ್ನೇ ಸುಳ್ಳುಗಾರ್ತಿ ಮಾಡುತ್ತದೆ. ರಾಷ್ಟ್ರೀಯತೆ ದೃಢೀಕರಣದ ನಮೂನೆ ಗ್ರಾಮ, ಅಂಚೆ, ಠಾಣೆ, ಉಪಜಿಲ್ಲೆ ಎಲ್ಲವನ್ನೂ ಕೇಳುತ್ತದೆ. ಎಳವೆಯಲ್ಲೇ ಊರು ಬಿಟ್ಟವಳಿಗೆ ನೆನಪಿರುವುದು ದೋಣಿ ನಿಲ್ಲುವ ಘಟ್ಟ, ಪಕ್ಕದ ಮಸೀದಿ, ಅಣ್ಣ ಓದುತ್ತಿದ್ದ ಶಾಲೆಯ ಹೆಸರು. ಆ ನಮೂನೆ ವಿದೇಶಾಂಗ ಇಲಾಖೆಯ ಮೂಲಕ ಬಾಂಗ್ಲಾದ ಹೈಕಮಿಷನ್‌ಗೆ, ಅಲ್ಲಿಂದ ಢಾಕಾಕ್ಕೆ, ಅಲ್ಲಿಂದ ಊರಿನ ಪೊಲೀಸ್ ಠಾಣೆಗೆ ಹೋಗಿ, ಅದೇ ಮೆಟ್ಟಿಲುಗಳನ್ನು ಇಳಿದು ಬರಬೇಕು. ಒಂದು ಅಕ್ಷರ ತಪ್ಪಾದರೂ ‘ವ್ಯಕ್ತಿ ಪತ್ತೆಯಾಗಿಲ್ಲ’ ಎಂಬ ಉತ್ತರ ಬರುತ್ತದೆ, ಅಷ್ಟೂ ದಿನ ಹುಡುಗಿ ಆಶ್ರಯಗೃಹದೊಳಗೇ ಉಳಿಯುತ್ತಾಳೆ. ಪಲೆರ್ಮೊ ಪ್ರೋಟೋಕಾಲಿನ ಎಂಟನೇ ವಿಧಿಯು ಅಕಾರಣ ವಿಳಂಬವಿಲ್ಲದೆ ಸಂತ್ರಸ್ತರನ್ನು ಮರಳಿಸಬೇಕೆಂದು ಹೇಳುವುದು ಇಂಥವರ ವಿಷಯದಲ್ಲೇ.

ನಮ್ಮ ಗೃಹ ಸಚಿವಾಲಯವು 2012ರ ಮೇ 1ರಂದು ಹೊರಡಿಸಿದ ಸಲಹಾಪತ್ರವೊಂದು ಇಲ್ಲಿ ಬಹಳ ಮುಖ್ಯ. ವಿದೇಶಿ ಮಹಿಳೆ ಅಥವಾ ಮಗು ತನ್ನ ಇಚ್ಛೆಯಿಂದ ಅಪರಾಧದಲ್ಲಿ ಭಾಗಿಯಾಗಿಲ್ಲ, ಕಳ್ಳಸಾಗಣೆಗೆ ಒಳಗಾದವಳು ಎಂದು ವಿಚಾರಣೆಯಲ್ಲಿ ಕಂಡುಬಂದರೆ, ವಿದೇಶಿಯರ ಕಾಯ್ದೆಯಡಿ ಅವಳ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಬಾರದು, ಸಲ್ಲಿಸಿದ್ದರೆ ಹಿಂಪಡೆಯಬೇಕು ಎಂದು ಅದು ರಾಜ್ಯಗಳಿಗೆ ತಿಳಿಸುತ್ತದೆ. ನಾವು ಬ್ಯಾಂಕಾಕ್‌ನಲ್ಲಿ ನಮ್ಮ ಹುಡುಗನಿಗಾಗಿ ಏನನ್ನು ಕೇಳುತ್ತೇವೋ ಅದನ್ನೇ ಈ ಸಲಹಾಪತ್ರ ಆ ಹುಡುಗಿಗೆ ಕೊಡುತ್ತದೆ. ಆದರೂ ಠಾಣೆಯ ಮಟ್ಟದಲ್ಲಿ ಇದನ್ನು ಬಲ್ಲವರು ಕಡಿಮೆ; ಪ್ರತಿ ಪ್ರಕರಣದಲ್ಲೂ ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿಯೇ ವಾದಿಸಬೇಕಾಗುತ್ತದೆ. 2025ರ ಸೆಪ್ಟೆಂಬರ್‌ನಿಂದ ವಿದೇಶಿಯರ ಹಳೆಯ ಕಾಯ್ದೆಯ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದಿರುವುದರಿಂದ, ಈ ರಕ್ಷಣೆಯನ್ನು ಅದಕ್ಕೆ ಅನ್ವಯಿಸಿ ಮತ್ತೊಮ್ಮೆ ಸ್ಪಷ್ಟ ಮಾತಿನಲ್ಲಿ ಹೇಳುವುದು ಅಗತ್ಯವೆಂದು ನಾನು ಬಲವಾಗಿ ನಂಬುತ್ತೇನೆ. ಬರಿಯ ಸಲಹೆಯಾಗಿ ಉಳಿಯದೆ ಅದು ಕಾನೂನಿನ ಕಲಮೇ ಆದರೆ ನಮ್ಮ ರಾಯಭಾರಿಗಳ ಮಾತಿಗೆ ತೂಕ ಬರುತ್ತದೆ.

ಕೊಲ್ಲಿ ದೇಶಗಳ ಮನೆಗೆಲಸದವರ ಕಥೆಯೇ ಬೇರೆ ಅಂಕಣಕ್ಕೆ ಆಗುವಷ್ಟಿದೆ. ಸೌದಿ ಅರೇಬಿಯಾದೊಂದಿಗೆ 2014ರಲ್ಲಿ, ಕುವೈತ್‌ನೊಂದಿಗೆ 2021ರಲ್ಲಿ ಆದ ಮನೆಗೆಲಸದವರ ಒಪ್ಪಂದಗಳು, 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಕಷ್ಟಕ್ಕೆ ಆಗುತ್ತವೆ ಎಂದಷ್ಟೇ ಇಲ್ಲಿ ಹೇಳುತ್ತೇನೆ.

ಇನ್ನು ಅಪರಾಧಿಗಳ ಮಾತು. ಮರಳಿ ಬಂದವರ ಪ್ರಕರಣಗಳು ನ್ಯಾಯಾಲಯದಲ್ಲಿ ಕುಸಿಯುವುದು ಸಾಕ್ಷ್ಯದ ಕೊರತೆಯಿಂದ. ಹುಡುಗನ ಮೊಬೈಲ್ ವಂಚನೆಯ ಕೇಂದ್ರದಲ್ಲೇ ಕಳೆದಿರುತ್ತದೆ, ಏಜೆಂಟನ ಟೆಲಿಗ್ರಾಂ ಖಾತೆ ಅಳಿಸಿಹೋಗಿರುತ್ತದೆ, ನದಿ ದಾಟಿಸಿದ ಚಾಲಕ ಥಾಯ್ಲೆಂಡಿನ ಪೊಲೀಸರ ದಾಖಲೆಯಲ್ಲಿರುತ್ತಾನೆ. ಹೊರದೇಶದಿಂದ ಸಾಕ್ಷ್ಯ ತರಿಸಲು ನಮ್ಮ ನ್ಯಾಯಾಲಯ ಕೋರಿಕೆ ಪತ್ರ ಕಳಿಸಬಹುದು. ಭಾರತೀಯ ನಾಗರಿಕನು ಹೊರದೇಶದಲ್ಲಿ ಎಸಗಿದ ಅಪರಾಧವನ್ನು ಇಲ್ಲಿ ವಿಚಾರಣೆಗೆ ಒಳಪಡಿಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಎರಡಕ್ಕೂ ಕಾಲ ಹಿಡಿಯುತ್ತದೆ. ಆದ್ದರಿಂದ ಇಲ್ಲಿಯೇ ಇರುವ ಸಾಕ್ಷ್ಯವನ್ನು ಮೊದಲು ಕಾಪಾಡಿಕೊಳ್ಳಬೇಕು: ಏಜೆಂಟನಿಗೆ ಯುಪಿಐ ಮೂಲಕ ಕಳಿಸಿದ ಹಣದ ವಿವರ, ಟಿಕೆಟ್ ಕಾಯ್ದಿರಿಸಿದ ಇ-ಮೇಲ್, ಕೆಲಸದ ಪ್ರಸ್ತಾವ ಪತ್ರ, ಮನೆಯವರ ಮೊಬೈಲಿಗೆ ಬಂದ ಬೆದರಿಕೆಯ ಸಂದೇಶಗಳು. ಅತ್ತ ಬಾಂಗ್ಲಾಕ್ಕೆ ಮರಳಿದ ಹುಡುಗಿಯ ಸಾಕ್ಷ್ಯವನ್ನೂ ಕಳೆದುಕೊಳ್ಳಬೇಕಾಗಿಲ್ಲ. ವಿಡಿಯೊ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ತೀರ್ಪಿತ್ತಿದೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯೂ ಅದಕ್ಕೆ ಅವಕಾಶ ಕೊಟ್ಟಿದೆ. ಆ ದಿನ ಆ ಊರಿನಲ್ಲಿ ಒಂದು ಕೋಣೆ, ಅವಳನ್ನು ಗುರುತಿಸಿ ಸಹಿ ಹಾಕುವ ಒಬ್ಬ ಅಧಿಕಾರಿ, ಬಂಗಾಳಿ ಮತ್ತು ಕನ್ನಡ ಎರಡೂ ಬಲ್ಲ ದುಭಾಷಿ – ಇಷ್ಟನ್ನು ಎರಡೂ ದೇಶಗಳ ಜಂಟಿ ಕಾರ್ಯಪಡೆ ಏರ್ಪಡಿಸಿಕೊಟ್ಟರೆ, ಅವಳನ್ನು ಕೊಂಡವನು ಮತ್ತು ಮಾರಿದವನು ಇಬ್ಬರೂ ಪಾಟೀ ಸವಾಲಿನ ನಂತರವೂ ಕಟಕಟೆಯಲ್ಲೇ ನಿಂತಿರುತ್ತಾರೆ.