ಬೆನ್ನುಹುರಿಗೆ ಪೆಟ್ಟಾದ ಮಕ್ಕಳು: ಅಳತೆಗೋಲು ಬದಲಾದ ಬಗೆ

ಬೆನ್ನುಹುರಿಗೆ ಪೆಟ್ಟಾದಾಗ ನರಗಳು ಎಲ್ಲಿಯವರೆಗೆ ಕೆಲಸ ಮಾಡುತ್ತಿವೆ ಎಂದು ಗುರುತಿಸಲು ಅಮೆರಿಕದಲ್ಲಿ 1982ರಲ್ಲಿ ರೂಪಿಸಿದ ಪರೀಕ್ಷಾಕ್ರಮವು ಹಲವು ಪರಿಷ್ಕರಣೆಗಳನ್ನು ಕಂಡು ಇಂದಿಗೂ ಬಳಕೆಯಲ್ಲಿದೆ. ಆದರೆ ಪಿನ್ನು ತಾಗಿಸಿದಾಗ ಅದು ಚೂಪೋ ಮೊಂಡೋ ಎಂದು ಹೇಳಬೇಕಾದ ಆ ಪರೀಕ್ಷೆಯನ್ನು ತೀರಾ ಚಿಕ್ಕ ಮಕ್ಕಳ ಮೇಲೆ ನಡೆಸಿ ಫಲಿತಾಂಶವನ್ನು ನಂಬುವುದು ಕಷ್ಟ. ಮೇಲಾಗಿ, ಮಗು ತಾನೇ ಅಂಗಿ ತೊಡಬಲ್ಲದೇ, ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿದುಕೊಳ್ಳಬಲ್ಲದೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಅದನ್ನು ತಿಳಿಯಲು ನೆರವಾದದ್ದು 1980ರ ದಶಕದಲ್ಲಿ ವಯಸ್ಕರಿಗಾಗಿ ಸಿದ್ಧವಾದ 'ಫಿಮ್' ಮಾಪಕ ಮತ್ತು ಅದೇ ದಶಕದಲ್ಲಿ ಬಂದ ಅದರ ಮಕ್ಕಳ ರೂಪ 'ವೀಫಿಮ್'. ಎರಡರಲ್ಲೂ 18 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ (ಪೂರ್ಣ ಅವಲಂಬನೆ) 7ರವರೆಗೆ (ಪೂರ್ಣ ಸ್ವಾವಲಂಬನೆ) ಅಂಕ ಕೊಡಲಾಗುತ್ತದೆ. ಬೆನ್ನುಹುರಿಗೆ ಪೆಟ್ಟಾದ ಮಕ್ಕಳ ವಿಷಯದಲ್ಲಿ ಇದರ ಕೊರತೆ ಎದ್ದು ಕಾಣುವುದು ಓಡಾಟದ ಅಂಶದಲ್ಲಿ. ಸಾಧನದ ನೆರವು ಪಡೆಯುವವರಿಗೆ ಅಲ್ಲಿ 7 ದೊರೆಯುವುದಿಲ್ಲ. ಗಾಲಿಕುರ್ಚಿಯಲ್ಲಿ ಒಬ್ಬಳೇ ಓಡಾಡುವ ಹುಡುಗಿಗೆ ಹೆಚ್ಚೆಂದರೆ 6. ಆ ಮಟ್ಟ ಮುಟ್ಟಿದ ಮೇಲೆ ಅವಳು ಮುಂದಿನ ಚಕ್ರಗಳನ್ನು ಎತ್ತಿ ರಸ್ತೆಯಿಂದ ಪಾದಚಾರಿ ಮಾರ್ಗಕ್ಕೆ ಹತ್ತುವುದನ್ನು ತಿಂಗಳುಗಟ್ಟಲೆ ಶ್ರಮಪಟ್ಟು ಕಲಿತರೂ ಕಾಗದದ ಮೇಲಿನ 6 ಹಾಗೆಯೇ ಉಳಿಯುತ್ತದೆ. ಮಗುವಿನ ಬದುಕನ್ನು ಹಿಗ್ಗಿಸಿದ ಕಲಿಕೆಯನ್ನೇ ಕಾಣದ ಅಳತೆಯನ್ನು ಪೂರ್ಣವೆಂದು ಒಪ್ಪಲಾಗದು.

1992ರಲ್ಲಿ ಸಂಶೋಧಕ ಸ್ಟೀಫನ್ ಹೇಲಿ ಮತ್ತು ಸಹೋದ್ಯೋಗಿಗಳು ಹೊರತಂದ 'ಪೀಡಿ' ಎಂಬ ಮಕ್ಕಳ ಮಾಪಕ ಇನ್ನಷ್ಟು ಸೂಕ್ಷ್ಮವಾಗಿತ್ತು. ಮಗು ಏನನ್ನು ಮಾಡಬಲ್ಲದು ಎಂಬುದನ್ನೂ ಅದಕ್ಕೆ ಎಷ್ಟು ನೆರವು ಬೇಕು ಎಂಬುದನ್ನೂ ಅದು ಬೇರೆಬೇರೆಯಾಗಿ ಕೇಳಿತು. ಶಾಲೆಗೆ ಹೊತ್ತಾಯಿತೆಂದು ತಾಯಿಯೇ ಬಟ್ಟೆ ತೊಡಿಸುವ ಮನೆಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಆದರೆ ಅದನ್ನು ಆರು ತಿಂಗಳಿಂದ ಏಳೂವರೆ ವರ್ಷದವರೆಗಿನ ಮಕ್ಕಳಿಗಾಗಿ ರೂಪಿಸಲಾಗಿತ್ತು. ಉತ್ತರಿಸುವವರೂ ಬಹುಮಟ್ಟಿಗೆ ಹೆತ್ತವರು ಇಲ್ಲವೇ ಚಿಕಿತ್ಸಕರೇ ಆಗಿದ್ದರು.

ಈ ಕೊರತೆಗಳನ್ನು ನೀಗಿಸಲು ಸಂಶೋಧಕಿ ಎಂ. ಜೆ. ಮಲ್ಕಾಹಿ, ಹೇಲಿ ಮತ್ತಿತರರು ಅಮೆರಿಕದ ಶ್ರೈನರ್ಸ್ ಮಕ್ಕಳ ಆಸ್ಪತ್ರೆಗಳ ನೆರವಿನೊಂದಿಗೆ ಬೆನ್ನುಹುರಿಯ ಗಾಯಕ್ಕೆಂದೇ ಪ್ರಶ್ನೆಗಳ ಭಂಡಾರವೊಂದನ್ನು ಕಟ್ಟಿದರು. ಅದರಲ್ಲಿ ಗಾಲಿಕುರ್ಚಿಯ ಓಡಾಟಕ್ಕೆ ಪ್ರತ್ಯೇಕ ವಿಭಾಗವಿದೆ. ಹೆತ್ತವರ ಜೊತೆಗೆ ಮಕ್ಕಳೂ ಸ್ವತಃ ಉತ್ತರಿಸುತ್ತಾರೆ. ಹಿಂದಿನ ಉತ್ತರವನ್ನು ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. 'ಸುಲಭ' ಎಂದರೆ ಇನ್ನೂ ಕಠಿಣವಾದದ್ದು ಬರುತ್ತದೆ, 'ಆಗುವುದಿಲ್ಲ' ಎಂದರೆ ಹಗುರವಾದದ್ದು. ಹೀಗಾಗಿ ಕೆಲವೇ ಪ್ರಶ್ನೆಗಳಲ್ಲಿ ಮಗುವಿನ ಮಟ್ಟ ತಿಳಿಯುತ್ತದೆ, ಮಗು ದಣಿಯುವುದೂ ಇಲ್ಲ. ಮಗುವಿನ ಮಾತಿಗೇ ಬೆಲೆ ಕೊಟ್ಟಿದ್ದು ಈ ಇತಿಹಾಸದ ಬಹುಮುಖ್ಯ ತಿರುವು ಎಂದು ನನಗೆ ಅನಿಸುತ್ತದೆ.

ಆದರೂ ಈ ಪ್ರಶ್ನೆಗಳು ಹುಟ್ಟಿದ್ದು ಅಮೆರಿಕದ ಮನೆ, ಶಾಲೆಗಳನ್ನು ನೋಡಿ. ನೆಲದ ಮೇಲೆ ಕುಳಿತು ಉಣ್ಣುವ, ಬಕೆಟ್ಟಿನಿಂದ ನೀರು ಮೊಗೆದು ಸ್ನಾನ ಮಾಡುವ ನಮ್ಮ ಮಕ್ಕಳಿಗೆ ಅವನ್ನು ಬರೀ ಭಾಷಾಂತರಿಸಿದರೆ ಸಾಲದು. ನೆಲದಿಂದ ಕುರ್ಚಿಗೇರುವುದು, ಹೊಸ್ತಿಲು ದಾಟುವುದು, ಕುಕ್ಕರುಗಾಲಿನ ಶೌಚಾಲಯವನ್ನು ಬಳಸುವುದು ಇಂಥವನ್ನೂ ಸೇರಿಸಿ, ಇಲ್ಲಿನ ಮಕ್ಕಳೊಂದಿಗೇ ಪರೀಕ್ಷಿಸಿ, ಅವುಗಳ ಕಾಠಿಣ್ಯವನ್ನು ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ.