ಫೆರೋಸಿಲಿಕಾನ್: ಚೀಲದ ಮೇಲಿನ ನಂಬರ್ ಓದುವುದು ಹೇಗೆ?

ಫೆರೋಸಿಲಿಕಾನ್ ಅಂದರೆ ಕಬ್ಬಿಣ ಮತ್ತು ಸಿಲಿಕಾನಿನ ಮಿಶ್ರಲೋಹ. ಅದರ ಪಾಠದಲ್ಲಿ ಗುಣಗಳನ್ನು ಒಂದು ಕಡೆ, ಉಪಯೋಗಗಳನ್ನು ಇನ್ನೊಂದು ಕಡೆ ಬಾಯಿಪಾಠ ಮಾಡಿದರೆ ಎರಡೂ ತಲೆಯಲ್ಲಿ ನಿಲ್ಲುವುದಿಲ್ಲ. ನನಗಂತೂ ನಿಲ್ಲಲಿಲ್ಲ. ಚೀಲದ ಮೇಲೆ 15, 45, 75 ಅಂತ ಒಂದು ನಂಬರ್ ಇರುತ್ತದಲ್ಲ, ಅದನ್ನು ಹಿಡಿದುಕೊಂಡು ಹೋದರೆ ಉಳಿದದ್ದು ತಾನಾಗಿ ಬರುತ್ತದೆ. ನೂರು ಕೆಜಿ ಮಾಲಿನಲ್ಲಿ ಎಷ್ಟು ಕೆಜಿ ಸಿಲಿಕಾನ್ ಇದೆ ಅನ್ನುವುದೇ ಆ ನಂಬರ್.

ಮೊದಲು ಒಂದು ಸಣ್ಣ ಲೆಕ್ಕ. ಕಬ್ಬಿಣದ ಪರಮಾಣು ತೂಕ ಸುಮಾರು 56, ಸಿಲಿಕಾನಿನದು 28, ಅಂದರೆ ಅರ್ಧ. ಒಂದು ಕಬ್ಬಿಣಕ್ಕೆ ಒಂದು ಸಿಲಿಕಾನ್ ಸೇರಿದ ಸಂಯುಕ್ತದಲ್ಲಿ ಸಿಲಿಕಾನ್ ಶೇ. 33. ಒಂದು ಕಬ್ಬಿಣಕ್ಕೆ ಎರಡು ಸೇರಿದರೆ ಶೇ. 50. ಮೂರು ಕಬ್ಬಿಣಕ್ಕೆ ಒಂದಾದರೆ ಶೇ. 14. ಈಗ 75ರ ಗ್ರೇಡ್ ನೋಡಿ. ಅದರಲ್ಲಿರುವ 25 ಕೆಜಿ ಕಬ್ಬಿಣ ಹೆಚ್ಚೆಂದರೆ 25 ಕೆಜಿ ಸಿಲಿಕಾನನ್ನು ಕಟ್ಟಿಹಾಕುತ್ತದೆ. ಮಿಕ್ಕ 50 ಕೆಜಿ ಬಿಡಿ ಸಿಲಿಕಾನ್! ಹಾಗಾಗಿ ಫೆರೋಸಿಲಿಕಾನನ್ನು ಒಂದೇ ಸಂಯುಕ್ತ ಎಂದು ಬರೆಯಬೇಡಿ. ಅದು ಮಿಶ್ರಲೋಹ, ಒಳಗೆ ಸಿಲಿಸೈಡ್‌ಗಳು (ಮೇಲೆ ಹೇಳಿದಂಥ ಕಬ್ಬಿಣ-ಸಿಲಿಕಾನ್ ಸಂಯುಕ್ತಗಳು) ಇರುತ್ತವೆ.

ತಯಾರಿಕೆ ಬೇಗ ಮುಗಿಸೋಣ. ಬೆಣಚುಕಲ್ಲು, ಕೋಕ್, ಕಬ್ಬಿಣದ ಗುಜರಿ ಮೂರನ್ನೂ ವಿದ್ಯುತ್ ಆರ್ಕ್ ಕುಲುಮೆಗೆ ಹಾಕುತ್ತಾರೆ. ಬೆಣಚುಕಲ್ಲು ಎಂದರೆ ಸಿಲಿಕಾ, ಸಿಲಿಕಾನ್ ಮತ್ತು ಆಮ್ಲಜನಕದ ಸಂಯುಕ್ತ. ಕೋಕ್‌ನ ಇಂಗಾಲ ಅದರಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಮರಳಿನಲ್ಲೂ ಸಿಲಿಕಾ ಇದೆ, ಅಗ್ಗ ಅಲ್ವಾ, ಅದನ್ನೇ ಯಾಕೆ ಹಾಕಬಾರದು? ಕೆಳಗಿನ ಅನಿಲ ಮೇಲೆ ಬರಲು ಸಂದು ಬೇಕು, ಮರಳು ಮುಚ್ಚಿಕೊಂಡುಬಿಡುತ್ತದೆ. 75ರ ಗ್ರೇಡ್ ಒಂದು ಟನ್‌ಗೆ ಎಂಟರಿಂದ ಒಂಬತ್ತು ಸಾವಿರ ಯೂನಿಟ್ ಕರೆಂಟ್ ಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೂ ಹಿಂದೆ ಇದನ್ನು ತಯಾರಿಸುತ್ತಿದ್ದರು.

ಇದರ ದೊಡ್ಡ ಗಿರಾಕಿ ಉಕ್ಕು. ಕರಗಿದ ಉಕ್ಕಿನಲ್ಲಿ ಆಮ್ಲಜನಕ ಉಳಿದರೆ, ಗಟ್ಟಿಯಾಗುವಾಗ ಅದು ಇಂಗಾಲದ ಜೊತೆ ಸೇರಿ ಗುಳ್ಳೆ ಏಳಿಸುತ್ತದೆ. ಸಿಲಿಕಾನ್ ಆ ಆಮ್ಲಜನಕವನ್ನು ಹಿಡಿದು ಸಿಲಿಕಾ ಆಗಿ ಕಿಟ್ಟಕ್ಕೆ ಸೇರುತ್ತದೆ. ಆದರೆ ಇಲ್ಲೊಂದು ತೊಡಕು ಇದೆ. 75ರ ಸಾಂದ್ರತೆ ನೀರಿನ ಸುಮಾರು 3 ಪಟ್ಟು, ಕರಗಿದ ಉಕ್ಕಿನದು 7 ಪಟ್ಟು. ಸುಮ್ನೆ ಮೇಲೆ ಎಸೆದರೆ ತೇಲಿ ಕಿಟ್ಟದಲ್ಲೇ ಉರಿದುಹೋಗುತ್ತದೆ. ಅದಕ್ಕೇ ಲೇಡಲ್ (ಕರಗಿದ ಲೋಹ ಹಿಡಿಯುವ ದೊಡ್ಡ ಪಾತ್ರೆ) ತುಂಬುವಾಗ ಬೀಳುವ ಧಾರೆಗೆ ಹಾಕುತ್ತಾರೆ.

ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಇದರ ಕೆಲಸವೇ ಬೇರೆ. ಬೆಳಗಾವಿಯ ಒಂದು ಫೌಂಡ್ರಿಗೆ ತರಬೇತಿಗೆ ಹೋದಾಗ ಕಣ್ಣಾರೆ ನೋಡಿದೆ. ಕರಗಿದ ಎರಕದ ಕಬ್ಬಿಣವನ್ನು ಬೆಣೆಯಾಕಾರದ ಸಣ್ಣ ಅಚ್ಚಿಗೆ ಹೊಯ್ದು, ತಣಿಸಿ, ಸುತ್ತಿಗೆಯಿಂದ ಮುರಿದರು. ಚೂಪು ತುದಿ ಬೆಳ್ಳಗೆ ಹೊಳೆಯಿತು, ಅಗಲದ ಕಡೆ ಬೂದು. ಬೆಳ್ಳಗಿದ್ದರೆ ಇಂಗಾಲ ಕಬ್ಬಿಣದ ಜೊತೆ ಕಾರ್ಬೈಡ್ ಆಗಿ ಕೂತಿದೆ ಎಂದರ್ಥ, ಡ್ರಿಲ್ ಕೂಡ ಇಳಿಯುವುದಿಲ್ಲ. ಬೂದಾಗಿದ್ದರೆ ಇಂಗಾಲ ಗ್ರಾಫೈಟ್ ಆಗಿ ಬಿಡಿಯಾಗಿದೆ ಎಂದರ್ಥ. ಆಮೇಲೆ 500 ಕೆಜಿ ಲೇಡಲ್‌ಗೆ ಒಂದೂವರೆ ಕೆಜಿ 75ರ ಹರಳು ಹಾಕಿ ಮತ್ತೊಂದು ಬೆಣೆ ಹೊಯ್ದರು. ಬಿಳಿ ತುದಿ ಉಗುರಿನಷ್ಟಕ್ಕೆ ಇಳಿದಿತ್ತು. ಹರಳಿನಲ್ಲಿರುವ ಒಂದಿಷ್ಟು ಕ್ಯಾಲ್ಸಿಯಂ, ಬೇರಿಯಂನಂಥವು ಗ್ರಾಫೈಟ್ ಹುಟ್ಟಲು ಬೀಜದ ಹಾಗೆ ನೆರವಾಗುತ್ತವೆ. ಹತ್ತು ಹದಿನೈದು ನಿಮಿಷ ತಡ ಮಾಡಿದರೆ ಪರಿಣಾಮ ಇಳಿದುಹೋಗುತ್ತದೆ, ಹಾಗಾಗಿ ಅಲ್ಲಿ ಎಲ್ಲರದ್ದೂ ಓಟವೇ.

ಉಕ್ಕಿಗೆ ಸುಮಾರು ಶೇ. 3 ಸಿಲಿಕಾನ್ ಸೇರಿಸಿದರೆ ಅದರ ವಿದ್ಯುತ್ ರೋಧ ಶುದ್ಧ ಕಬ್ಬಿಣದ ನಾಲ್ಕು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಹಾಗಾಗಿ ಸುಳಿ ವಿದ್ಯುತ್ತಿನ (ಬದಲಾಗುವ ಕಾಂತಕ್ಷೇತ್ರದಿಂದ ಲೋಹದೊಳಗೇ ಸುತ್ತುವ ವಿದ್ಯುತ್ತಿನ) ನಷ್ಟ ಕಡಿಮೆ. ಟ್ರಾನ್ಸ್‌ಫಾರ್ಮರ್ ಹಾಳೆಗಳು ಇದೇ ಉಕ್ಕಿನವು.

ನನಗೆ ಇಷ್ಟವಾದ ಉಪಯೋಗ 15ರ ಗ್ರೇಡಿನದು. ಇದರ ಸಾಂದ್ರತೆ 7ರ ಆಸುಪಾಸು. ನುಣ್ಣಗೆ ಪುಡಿ ಮಾಡಿ ನೀರಿಗೆ ಕಲಸಿದರೆ ನೀರಿಗಿಂತ ಸುಮಾರು ಮೂರು ಪಟ್ಟು ಭಾರದ ಬಗ್ಗಡ ಸಿಗುತ್ತದೆ. ಅದಕ್ಕೆ ಪುಡಿಮಾಡಿದ ಕಲ್ಲು ಸುರಿದರೆ 2.65ರ ಬೆಣಚು ತೇಲುತ್ತದೆ, 3.5ರ ವಜ್ರ ಮುಳುಗುತ್ತದೆ. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಲ್ಲಿ ಹೀಗೇ ಬೇರ್ಪಡಿಸುತ್ತಾರೆ. ಕೊನೆಗೆ ಕಲ್ಲನ್ನು ತೊಳೆದು, ಆ ನೀರಿನ ಪುಡಿಯನ್ನು ಅಯಸ್ಕಾಂತದಿಂದ ಎಳೆದುಕೊಂಡು ಮತ್ತೆ ಬಳಸುತ್ತಾರೆ. 15 ಯಾಕೆ ಅಂದರೆ, ಸಿಲಿಕಾನ್ ಕಡಿಮೆ ಇದ್ದರೆ ಪುಡಿ ತುಕ್ಕು ಹಿಡಿಯುತ್ತದೆ. ಜಾಸ್ತಿಯಾದರೆ ತೂಕವೂ ಹೋಯಿತು, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಪರೀಕ್ಷೆಯಲ್ಲಿ ಗುಣ ಮತ್ತು ಉಪಯೋಗದ ಸಂಬಂಧ ಕೇಳಿದರೆ ನಾನು ಇದನ್ನೇ ಬರೆಯುತ್ತೇನೆ.

ಇನ್ನೆರಡು ಉಪಯೋಗ ನೆನಪಿರಲಿ. ಫೆರೋಸಿಲಿಕಾನನ್ನು ಸುಟ್ಟ ಡಾಲಮೈಟ್ (ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನಂಥ ಖನಿಜ) ಜೊತೆ ನಿರ್ವಾತದಲ್ಲಿ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮೆಗ್ನೀಸಿಯಂ ಆವಿ ಬರುತ್ತದೆ, ಇದು ಪಿಜನ್ ವಿಧಾನ. ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಹಾಕಿದರೆ ಹೈಡ್ರೋಜನ್. ಮೊದಲ ಮಹಾಯುದ್ಧದ ಕಾಲದಲ್ಲಿ ಬಲೂನುಗಳಿಗೆ ಹೀಗೇ ಅನಿಲ ತುಂಬಿದ್ದರು.

ಅಪಾಯ ಇರುವುದು ತೇವದಲ್ಲಿ. ಸಿಲಿಕಾನ್ ಶೇ. 30ರಿಂದ 90ರೊಳಗಿನ ಮಾಲನ್ನು ಸಾಗಣೆಯಲ್ಲಿ ಒದ್ದೆಯಾಗಬಾರದ ಸರಕು ಎಂದು ಗುರುತಿಸುತ್ತಾರೆ. 50ರ ಹತ್ತಿರದ್ದು ಇನ್ನೂ ಕೆಟ್ಟದ್ದು, ಅದರ ಗಟ್ಟಿ ಉಂಡೆಗಳು ತಾನಾಗಿ ಪುಡಿಯಾಗುತ್ತವೆ. ಒಳಗಿರುವ ರಂಜಕದ ಕಲ್ಮಶ ತೇವ ತಾಗಿ ಫಾಸ್ಫೀನ್ ಅನಿಲ ಬಿಡುತ್ತದೆ, ಅದು ವಿಷ. ಅದೇ ಫೌಂಡ್ರಿಯಲ್ಲಿ ಮಳೆಗಾಲದಲ್ಲಿ ಒಂದು ಡ್ರಮ್ಮಿನ ಮುಚ್ಚಳ ತೆರೆದೇ ಉಳಿದಿತ್ತು. ಬೆಳ್ಳುಳ್ಳಿ ವಾಸನೆ ಬಂತು. ನಾನು ಬಗ್ಗಿ ನೋಡಲು ಹೋದೆ. "ಮೂಗ ತರಬ್ಯಾಡೋ ತಮ್ಮಾ, ಹಿಂದ ಸರಿ!" ಎಂದು ಹಿರಿಯ ಕೆಲಸಗಾರರು ಅಂಗಿ ಹಿಡಿದು ಎಳೆದರು. ಡ್ರಮ್ಮನ್ನು ಹೊರಗೆ ತೆರೆದ ಶೆಡ್ಡಿಗೆ ಸಾಗಿಸಿದರು. ಆ ಕೋಣೆಯ ಕಿಟಕಿಗಳು ಎರಡು ದಿನ ತೆರೆದೇ ಇದ್ದವು.