ಸ್ಲೇಟು ಮಗುವಿಗೆ, ಫೋನು ಮೇಷ್ಟರಿಗೆ

ಮೂವತ್ತು ಮಕ್ಕಳಿಗೆ ವಾರಕ್ಕೆ ತಲಾ ಐದು ಅಭ್ಯಾಸ ಹಾಳೆ ಜೆರಾಕ್ಸ್ ಮಾಡಿಸಿದರೆ, ನಲವತ್ತು ವಾರಕ್ಕೆ 6000 ಹಾಳೆ. ಬಹುಪಾಲು ಒಮ್ಮೆ ತಿದ್ದಿಸಿಕೊಂಡು ಬೀರುವಿನ ಮೇಲೆ ಧೂಳು ಹಿಡಿಯುತ್ತವೆ. ಶಾಲೆಯಲ್ಲಿ ಕಾಗದದ ಬಳಕೆ ತಗ್ಗಿಸಬೇಕೆಂದರೆ, ಬಿಡಬೇಕಾದದ್ದು ಇಲ್ಲಿ. ಒಂದರಿಂದ ಮೂರನೇ ತರಗತಿಯ ಮಗುವಿನ ಕೈಯಿಂದ ಬಳಪ ಕಿತ್ತುಕೊಂಡು ಟ್ಯಾಬ್ ಕೊಡುವುದು ತಪ್ಪು ದಾರಿ. 'ಅ'ದ ಸುತ್ತು, 'ಕ'ದ ತಲೆಕಟ್ಟು ಕೈಗೆ ಕೂರುವುದು ತಿದ್ದಿ ತಿದ್ದಿಯೇ. ಗಾಜಿನ ಮೇಲೆ ಬೆರಳು ಸುಮ್ಮನೆ ಜಾರುತ್ತದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕೊಠಡಿಯ ಗೋಡೆಗೆ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪು ಹಲಗೆಗೂ ಕಾಗದ ಬೇಕಿಲ್ಲ. ಅದಕ್ಕಿಲ್ಲದ್ದು ನೆನಪು, ಒರೆಸಿದರೆ ಹೋಯಿತು. ಆ ಕೊರತೆಯನ್ನು ಮೇಷ್ಟರ ಕೈಯಲ್ಲಿರುವ ಒಂದು ಫೋನು ತುಂಬಬಲ್ಲದು.

ಸ್ಲೇಟಿನ ಚೌಕಟ್ಟಿನ ಮೇಲೆ ಮಗುವಿನ ಕ್ರಮಸಂಖ್ಯೆಯನ್ನು ಪೇಂಟಿನಲ್ಲಿ ಬರೆಸಿಡಿ. ಬರವಣಿಗೆ ಮುಗಿದ ಮೇಲೆ ನಾಲ್ಕು ಸ್ಲೇಟುಗಳನ್ನು ನೆಲದ ಮೇಲೆ ಜೋಡಿಸಿ, ನೇರ ಮೇಲಿನಿಂದ ಒಂದೇ ಫೋಟೊ ತೆಗೆಯಿರಿ. ಫ್ಲಾಶ್ ಬೇಡ. ಫೋಟೊದ ತುಂಬ ಕಪ್ಪು ಕಂಡರೆ ಕ್ಯಾಮೆರಾ ತಾನಾಗಿ ಬೆಳಕು ಏರಿಸುತ್ತದೆ. ಆಗ ಕಪ್ಪು ಬೂದು ಬಣ್ಣಕ್ಕೆ ತಿರುಗಿ, ಬಳಪದ ತೆಳು ಗೆರೆ ಅದರಲ್ಲೇ ಕರಗಿಹೋಗುತ್ತದೆ. ಪರದೆಯ ಮೇಲೆ ಅಕ್ಷರವನ್ನು ಒಮ್ಮೆ ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆದರೆ ಗೆರೆ ಎದ್ದು ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು ಹೊಳೆಯುತ್ತದೆ, ಆರುವವರೆಗೆ ಕಾಯಬೇಕು.

ನಾಲ್ಕನ್ನು ಒಟ್ಟಿಗೆ ತೆಗೆಯಿರಿ ಎನ್ನುವುದಕ್ಕೆ ಲೆಕ್ಕವಿದೆ. ಫೋಟೊ ಒಂದಕ್ಕೆ ಸುಮಾರು 3 ಎಂಬಿ ಎಂದಿಟ್ಟುಕೊಳ್ಳಿ. ಮೂವತ್ತು ಮಕ್ಕಳದ್ದು ವಾರಕ್ಕೆರಡು ಬಾರಿ ಒಂದೊಂದಾಗಿ ತೆಗೆದರೆ ವರ್ಷಕ್ಕೆ 7.2 ಜಿಬಿ ಆಗುತ್ತದೆ. ಗೂಗಲ್ ಖಾತೆಯ ಉಚಿತ ಜಾಗ ಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿ 15 ಜಿಬಿ, ಅರ್ಧ ಅಲ್ಲೇ ಮುಗಿಯಿತು. ನಾಲ್ಕು ನಾಲ್ಕಾಗಿ ತೆಗೆದರೆ 2 ಜಿಬಿಯೊಳಗೆ ನಿಲ್ಲುತ್ತದೆ.

ತಿಂಗಳಿಗೊಮ್ಮೆ ಪ್ರತಿ ಮಗುವಿನ ಒಂದು ನಿಮಿಷದ ಓದನ್ನು ರೆಕಾರ್ಡ್ ಮಾಡಿ. ಒಂದಕ್ಕೆ 1 ಎಂಬಿ ಸಾಕು. ಫೈಲಿನ ಹೆಸರಿನಲ್ಲಿ ಕ್ರಮಸಂಖ್ಯೆ ಮೊದಲು, ತಿಂಗಳು ಆಮೇಲೆ. ಎರಡೂ ಎರಡಂಕಿಯಲ್ಲೇ ಇರಲಿ: 07-06, 12-06. ಬರೀ 7 ಎಂದು ಬರೆದರೆ ಎಷ್ಟೋ ಕಡೆ 12ನೆಯದು 7ಕ್ಕಿಂತ ಮುಂಚೆ ಬಂದು ಕೂರುತ್ತದೆ. ಜೂನ್ ಮತ್ತು ಡಿಸೆಂಬರಿನ ಓದನ್ನು ಒಂದರ ಹಿಂದೆ ಒಂದು ಕೇಳಿಸಿದರೆ, ಓದು ಬರಹ ಬಾರದ ತಾಯಿಗೂ ಮಗು ಎಷ್ಟು ಮುಂದೆ ಬಂದಿದೆ ಎಂದು ತಿಳಿಯುತ್ತದೆ. ಅಂಕಪಟ್ಟಿಯಿಂದ ಇದು ಆಗುವುದಿಲ್ಲ.

ಕಿರುಪರೀಕ್ಷೆಗೆ ಪ್ಲಿಕರ್ಸ್ ಎಂಬ ಆ್ಯಪ್ ನನಗೆ ಎಲ್ಲಕ್ಕಿಂತ ಇಷ್ಟ. ಮಕ್ಕಳ ಬಳಿ ಯಾವ ಸಾಧನವೂ ಬೇಡ, ಆಳಿಗೊಂದು ಕಾರ್ಡು ಸಾಕು. 40 ಕಾರ್ಡುಗಳ ಕಟ್ಟನ್ನು ಒಮ್ಮೆ ಮುದ್ರಿಸಿಕೊಂಡರಾಯಿತು. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಮಗು ಹಿಡಿಯುತ್ತದೆ, ಮೇಷ್ಟರು ಫೋನಿನ ಕ್ಯಾಮೆರಾವನ್ನು ಕೊಠಡಿಯುದ್ದಕ್ಕೂ ನಿಧಾನವಾಗಿ ತಿರುಗಿಸುತ್ತಾರೆ, ಅದು ಕಾರ್ಡುಗಳನ್ನು ಓದಿಕೊಳ್ಳುತ್ತದೆ. ಕಾರ್ಡಿನ ವಿನ್ಯಾಸ ಒಂದೊಂದೂ ಬೇರೆಯಾದ್ದರಿಂದ ನಕಲು ಮಾಡುವುದು ಕಷ್ಟ. ಫೋನು ಓದದಿದ್ದರೆ ಮೊದಲು ಬೆರಳು ನೋಡಿ: ಪುಟ್ಟ ಕೈ ಕಪ್ಪು ಚೌಕದ ಮೇಲೆಯೇ ಬಂದಿರುತ್ತದೆ. ಅಂಚನ್ನು ಮಾತ್ರ ಹಿಡಿಯಲು ಕಲಿಸಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಕಿಟಕಿಯ ಬೆಳಕು ಬಿದ್ದು ವಿನ್ಯಾಸ ಮಾಯವಾಗುತ್ತದೆ. ದಪ್ಪ ರಟ್ಟಿಗೆ ಅಂಟಿಸಿದರೆ ಸಾಕು. ಇಬ್ಬರು ಕಾರ್ಡು ಅದಲುಬದಲು ಮಾಡಿಕೊಂಡರೆ ಅಂಕವೂ ಅದಲುಬದಲು, ಹಾಗಾಗಿ ಹಂಚುವ ಕೆಲಸ ಯಾರಾದರೂ ಒಬ್ಬ ಮಗುವಿಗೇ ಇರಲಿ.

ನಾಲ್ಕು, ಐದನೇ ತರಗತಿಗೆ ಪರದೆಯ ಮೇಲೆಯೇ ಉತ್ತರ ತುಂಬುವ ಗೂಗಲ್ ಫಾರ್ಮ್ ಆಗಬಹುದು. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಯಲ್ಲಿ ಮಾತ್ರ ಎಚ್ಚರ. ನೀವು 'ಹತ್ತು' ಎಂದು ಉತ್ತರ ಕೊಟ್ಟು ಮಗು '10' ಅಥವಾ '೧೦' ಎಂದು ಬರೆದರೆ ಫಾರ್ಮ್ ತಪ್ಪು ಹಾಕುತ್ತದೆ. ಮೂರನ್ನೂ ಸರಿಯುತ್ತರವಾಗಿ ಸೇರಿಸಿ, ಇಲ್ಲವೇ ಆಯ್ಕೆಯ ಪ್ರಶ್ನೆ ಕೊಡಿ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಇದಕ್ಕೆ ತರುವಾಗ ಇನ್ನೊಂದು ತೊಡಕು. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಏಕೆಂದರೆ ಅದು ಎಲ್ಲ ಸಾಧನಗಳಿಗೂ ಅರ್ಥವಾಗುವ ಯುನಿಕೋಡ್ ಸಂಕೇತದಲ್ಲಿ ಇಲ್ಲ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತನ್ನಿ. ಆಮೇಲೆ ಅರ್ಕಾವೊತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ತಪ್ಪು ನುಸುಳುವುದು ಅಲ್ಲೇ.

ಸ್ಲೇಟಿನ ಫೋಟೊಗಳನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಂದು ಮಗುವಿನ ತಪ್ಪು ಊರಿಗೆಲ್ಲ ಕಾಣಬಾರದು. ಆ ಮಗುವಿನ ಭಾಗ ಕತ್ತರಿಸಿ ಅದರ ಮನೆಗೆ ಮಾತ್ರ ಕಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಹಾಗಾಗಿ ಹೆಸರು ಮತ್ತು ಕ್ರಮಸಂಖ್ಯೆಯ ಪಟ್ಟಿ ಬೇರೆ ಫೈಲಿನಲ್ಲಿ ಬೀಗದೊಳಗಿರಲಿ.

ಇದನ್ನೆಲ್ಲ ಇಡುವ ಖಾತೆ ಶಾಲೆಯ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಮುಖ್ಯ ಶಿಕ್ಷಕರ ಬಳಿಯೂ ಇರಲಿ. ಸ್ವಂತ ಜಿಮೇಲ್‌ನಲ್ಲಿ ಇಟ್ಟರೆ, ಮೇಷ್ಟರು ವರ್ಗವಾಗಿ ಹೋದ ದಿನ ಮಕ್ಕಳ ಮೂರು ವರ್ಷದ ಓದೂ ಅವರ ಜೊತೆಗೇ ಬಸ್ಸು ಹತ್ತುತ್ತದೆ.